ಹುಣ್ಣಿಮೆಯ ದಿನದ ಆಕಾಶಗಂಗೆ

ಸಂಶಯಪಡುವುದು ನನ್ನ ಉದ್ಯೋಗ. ಐರ್ಲೆಂಡಿನ ಗಾಲ್ವೇಯ ಒಂದು ಮೆಡಿಕಲ್ ಡಿವೈಸ್ ಕಂಪನಿಯಲ್ಲಿ ದೂರುಗಳ ವಿಭಾಗದಲ್ಲಿದ್ದೇನೆ. ಎಲ್ಲೋ ಒಂದು ಆಸ್ಪತ್ರೆಯಲ್ಲಿ ನಮ್ಮ ಕ್ಯಾಥೆಟರ್ ಕೈಕೊಟ್ಟಿತು ಅಂದರೆ, ಡಾಕ್ಟರು ಹೇಳಿದ್ದನ್ನೂ ಪೂರ್ತಿ ನಂಬದೆ, ನಮ್ಮ ಫ್ಯಾಕ್ಟರಿಯವರು ಹೇಳಿದ್ದನ್ನೂ ಪೂರ್ತಿ ನಂಬದೆ, ನಿಜಕ್ಕೂ ಆದದ್ದೇನು ಅಂತ ಹುಡುಕಬೇಕು. ಈ ಬುದ್ಧಿಯನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬಾ ಅಂತ ನನ್ನ ಗಂಡ ಹೇಳುತ್ತಿರುತ್ತಾರೆ. ಬಿಟ್ಟು ಬರುವುದಕ್ಕೆ ಅದೇನು ಕಳಚಿಡುವ ಕೋಟೇ?

ಆಗ ನಾವಿಬ್ಬರೂ ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ, ಮಹಡಿಯ ಮೇಲೆ. ಗಾಲ್ವೇಯಲ್ಲಿ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಕುಂದಾಪುರದ ಕಡೆಯಿಂದ ನರ್ಸ್ ಆಗಿ ಈ ದೇಶಕ್ಕೆ ಬಂದವರು. ಮೊದಲು ಡಬ್ಲಿನ್, ಆಮೇಲೆ ಗಾಲ್ವೇ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ ಅವರು ಚಹಾ ಕೊಡುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡದ್ದೂ ಅವರೇ. ಆ ವರ್ಷ ಅವರು ರಿಟೈರ್ ಆಗಿದ್ದರು. ಅಷ್ಟು ಕಾಲ ಶಿಫ್ಟುಗಳಲ್ಲಿ ದುಡಿದ ಹೆಂಗಸು ಒಮ್ಮೆಲೇ ಮನೆಯಲ್ಲಿ ಕೂತರೆ ಏನು ಮಾಡುತ್ತಾರೋ ಅಂತ ನನಗೆ ಚಿಂತೆ ಇತ್ತು. ಅವರು ಮಾಡಿದ್ದು ನನ್ನ ಚಿಂತೆಯ ಪಟ್ಟಿಯಲ್ಲೇ ಇರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ನಾನು ಮನೆಯಿಂದಲೇ ಕೆಲಸ ಮಾಡುವ ದಿನ, ಕಾಫಿಗೆ ಅಂತ ಕೆಳಗಿಳಿದೆ. ಅಡುಗೆಮನೆಯಲ್ಲಿ ಗಂಡಸಿನ ದನಿ. ಚಿಕ್ಕಮ್ಮ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಟ್ಟು, ಮುಂದೆ ಅರ್ಧ ತಿಂದ ದೋಸೆ ಇಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ ಬಿಳಿಗಡ್ಡದ ಒಬ್ಬರು. ಮಾತು ಇಂಗ್ಲಿಷಿನಲ್ಲಿ.

"ಇವತ್ತು ಎರಡು ಮೋಡಗಳೂ ಚೆನ್ನಾಗಿ ಮೇಲೆ ಬಂದಿವೆ. ಮೋಡ ಅಂದರೆ ಮಳೆ ಮೋಡ ಅಲ್ಲ, ನೆನಪಿದೆ ತಾನೆ?" ಅಂತ ಆತ ಕೇಳುತ್ತಿದ್ದ.

"ನೆನಪಿದೆ. ಅವೂ ನಕ್ಷತ್ರಗಳ ರಾಶಿಗಳೇ," ಅಂದರು ಚಿಕ್ಕಮ್ಮ, ಶಾಲೆಯ ಹುಡುಗಿಯ ಹಾಗೆ.

ಹೊರಗೆ ಬೆಳಗಿನ ತುಂತುರು ಮಳೆ. ಒಳಗೆ ಇವರಿಬ್ಬರು ನಕ್ಷತ್ರ ನೋಡುತ್ತಿದ್ದರು. ನನ್ನನ್ನು ಕಂಡ ಚಿಕ್ಕಮ್ಮ "ನನ್ನ ಅಕ್ಕನ ಮಗಳು" ಅಂತ ಪರಿಚಯಿಸಿದರು. ಆತ ನನಗೆ ನಮಸ್ಕಾರ ಹೇಳಿದ, ಆದರೆ ನನ್ನ ಕಡೆ ನೋಡಲಿಲ್ಲ. ಚಿಕ್ಕಮ್ಮನ ಕಡೆಯೂ ನೋಡುತ್ತಿರಲಿಲ್ಲ. ಪರದೆಯ ಒಂದು ಮೂಲೆಯ ಆಚೆ, ಅಲ್ಲಿ ಇನ್ಯಾರೋ ಕೂತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಆಮೇಲೆ ವಿಚಾರಿಸಿದೆ. ಚಿಕ್ಕಮ್ಮ ಹೇಳಿದ್ದು ಇಷ್ಟು. ಚಿಕ್ಕವರಿದ್ದಾಗ, ಚೈತ್ರ ವೈಶಾಖದ ಸೆಕೆಯಲ್ಲಿ, ನನ್ನ ಅಜ್ಜ ಮಕ್ಕಳನ್ನು ಕಡಲದಂಡೆಗೆ ಕರೆದುಕೊಂಡು ಹೋಗಿ ದಕ್ಷಿಣದ ಕಡೆ, ನೀರಿನಿಂದ ಸ್ವಲ್ಪವೇ ಮೇಲೆ ನಿಂತ ತ್ರಿಶಂಕು ನಕ್ಷತ್ರವನ್ನು ತೋರಿಸುತ್ತಿದ್ದರಂತೆ. ಓರೆಯಾದ ಶಿಲುಬೆಯ ಹಾಗೆ ನಾಲ್ಕು ಚುಕ್ಕಿ. ಐರ್ಲೆಂಡಿಗೆ ಬಂದ ಮೇಲೆ ಅದು ಅವರ ಕಣ್ಣಿಗೆ ಬಿದ್ದಿಲ್ಲ. ಬೀಳುವುದೂ ಸಾಧ್ಯವಿಲ್ಲ, ಇಷ್ಟು ಉತ್ತರದ ಊರಿನಲ್ಲಿ ಅದು ದಿಗಂತದ ಮೇಲೆ ಏಳುವುದೇ ಇಲ್ಲ. ರಿಟೈರ್ ಆದ ಮೇಲೆ ಇಂಟರ್‌ನೆಟ್ಟಿನಲ್ಲಿ ನಕ್ಷತ್ರ ನೋಡುವವರ ಒಂದು ಗುಂಪು ಸೇರಿ, ಅದರ ಬಗ್ಗೆ ಕೇಳಿದ್ದರು. ಉತ್ತರ ಕೊಟ್ಟದ್ದು ಈತ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕುರಿಗಳ ಊರು, ಹಳೇ ಪಶುವೈದ್ಯ, ಹೆಂಡತಿ ತೀರಿಕೊಂಡಿದ್ದಾಳೆ. ಅವನ ರಾತ್ರಿ ನಮಗೆ ಬೆಳಿಗ್ಗೆ. ಹಾಗಾಗಿ ಅವನು ಹೊರಗೆ ಹೋಗಿ ಫೋಟೋ ತೆಗೆದು, ಒಳಗೆ ಬಂದು, "ಇವತ್ತಿನ ಆಕಾಶ" ಅಂತ ಕಳಿಸಿ, ಫೋನ್ ಮಾಡಿ ವಿವರಿಸುತ್ತಾನೆ.

ಪರದೇಶದಲ್ಲಿ ಇರುವವರನ್ನು ತ್ರಿಶಂಕು ಅಂತ ಕರೆದು ಮರುಗುವುದು ನಮ್ಮವರಿಗೆಲ್ಲ ಒಂದು ಚಟ. ಚಿಕ್ಕಮ್ಮ ಯಾವತ್ತೂ ಹಾಗೆ ಮಾತಾಡಿದವರಲ್ಲ. ಅವರಿಗೆ ಬೇಕಾಗಿದ್ದದ್ದು ಆ ನಕ್ಷತ್ರವೇ. ಅದು ನನಗೆ ಅರ್ಥವಾಗುತ್ತಿತ್ತು. ನಕ್ಷತ್ರದ ಹಿಂದೆ ನಿಂತ ಆಸಾಮಿ ಅರ್ಥವಾಗುತ್ತಿರಲಿಲ್ಲ.

"ಅವರು ಯಾರು ಅಂತ ನಿಮಗೆ ಹೇಗೆ ಗೊತ್ತು ಚಿಕ್ಕಮ್ಮ?"

"ಅವರೇ ಹೇಳಿದ್ರಲ್ಲ."

"ನಾನು ಐರ್ಲೆಂಡಿನ ರಾಣಿ ಅಂತ ಹೇಳಿದ್ರೂ ನಂಬ್ತೀರಾ?"

"ಐರ್ಲೆಂಡಿಗೆ ರಾಣಿ ಇಲ್ಲ ಮಾರಾಯ್ತಿ," ಅಂತ ಅವರು ದೋಸೆ ಹಿಟ್ಟು ಫ್ರಿಜ್ಜಿನಲ್ಲಿಟ್ಟರು.

ಒಂಟಿ ಹೆಂಗಸು, ಸ್ವಂತ ಮನೆ, ಪೆನ್ಷನ್. ಇಂಥವರಿಗೆ ದೂರದ ದೇಶದ ಮರ್ಯಾದಸ್ಥ ವಿಧುರನೊಬ್ಬ ಗಂಟುಬಿದ್ದರೆ ಕಥೆ ಎಲ್ಲಿಗೆ ಮುಟ್ಟುತ್ತದೆ ಅಂತ ಈ ಕಾಲದಲ್ಲಿ ಯಾರಿಗೆ ಗೊತ್ತಿಲ್ಲ? ಗಂಡನಿಗೆ ಹೇಳಿದೆ. ಅವರು ದೂರದ ರಿಂಗಾಸ್ಕಿಡಿ ಅನ್ನುವ ಊರಿನ ಔಷಧ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಇದ್ದು ಬರುವವರು, ಸುಸ್ತಾಗಿದ್ದರು. "ಶೀ ಇಸ್ ಗ್ರ್ಯಾಂಡ್, ಆರಾಮಾಗಿದಾರೆ, ಬಿಡು. ನಕ್ಷತ್ರ ತಾನೇ ನೋಡ್ತಿರೋದು," ಅಂದು ಮಗ್ಗುಲು ತಿರುಗಿದರು.

ನಾನು ಬಿಡಲಿಲ್ಲ. ಕಳಿಸಿದ ಫೋಟೋಗಳನ್ನು ಚಿಕ್ಕಮ್ಮನ ಫೋನಿನಿಂದ ನನ್ನದಕ್ಕೆ ಹಾಕಿಕೊಂಡು, ಬೇರೆ ಎಲ್ಲಿಂದಾದರೂ ಕದ್ದದ್ದೇ ಅಂತ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಸಿಗದಿದ್ದದ್ದು ಇನ್ನೂ ಕಿರಿಕಿರಿ. ಆಮೇಲೆ ಆಕಾಶ ತೋರಿಸುವ ಒಂದು ಆ್ಯಪ್ ಹಾಕಿಕೊಂಡು, ಊರು ಎಂಬಲ್ಲಿ ಅವನು ಹೇಳಿದ ಜಾಗ ಕೊಟ್ಟು, ಅವನ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದೆ. ನಾನು ದಕ್ಷಿಣದ ಆಕಾಶವನ್ನು ಕಲಿತದ್ದು ಹೀಗೆ, ಕಳ್ಳನನ್ನು ಹಿಡಿಯುವುದಕ್ಕೆ.

ನವೆಂಬರಿನಲ್ಲಿ ಅವನು ಹೇಳಿದ: ಇಲ್ಲಿ ಈಗ ವಸಂತ, ಆಕಾಶಗಂಗೆ ಸುತ್ತಲೂ ದಿಗಂತಕ್ಕೆ ಒರಗಿ ಮಲಗಿದೆ, ತ್ರಿಶಂಕು ತೀರ ಕೆಳಗಿಳಿದು ಗುಡ್ಡದ ಮೇಲೆ ತಲೆಕೆಳಗಾಗಿ ನಿಂತಿದೆ, ಆದರೂ ಮುಳುಗುವುದಿಲ್ಲ. ಆ್ಯಪ್ ನೋಡಿದೆ. ಸರಿ ಇತ್ತು. ಕ್ರಿಸ್ಮಸ್ ಕಳೆದ ಮೇಲೆ ಹೇಳಿದ: ನಿಮ್ಮ ನಕ್ಷತ್ರಗಳ ಬೇಟೆಗಾರ ಮಹಾವ್ಯಾಧ ನಮ್ಮಲ್ಲಿ ಉತ್ತರಕ್ಕೆ ಬಂದಿದ್ದಾನೆ, ಕಾಲು ಮೇಲೆ, ತಲೆ ಕೆಳಗೆ, ಕತ್ತಿ ಆಕಾಶದ ಕಡೆ. ಆ ಸಂಜೆ ಗಾಲ್ವೇಯಲ್ಲಿ ಅಪರೂಪಕ್ಕೆ ಆಕಾಶ ತಿಳಿಯಾಗಿತ್ತು. ಚಿಕ್ಕಮ್ಮ ಕೋಟು ಹಾಕಿಕೊಂಡು ಹಿತ್ತಲಿಗೆ ಹೋಗಿ, ತಲೆ ಮೇಲಾಗಿ ನಿಂತ ನಮ್ಮ ಮಹಾವ್ಯಾಧನನ್ನು ನೋಡಿ, ಕತ್ತು ವಾಲಿಸಿ, ಸೊಂಟ ಬಗ್ಗಿಸಿ, ತಿರುಗಿಸಿ ನೋಡಲು ಹೆಣಗುತ್ತಿದ್ದರು. ಅಗಸ್ತ್ಯ ನೆತ್ತಿಯ ಮೇಲಿದ್ದಾನೆ ಅಂದ. ಅದೂ ಸರಿಯೇ. ಊರಿನಲ್ಲಿ ದಕ್ಷಿಣದ ಮರಗಳ ನಡುವೆ ಇಣುಕುವ ಅಗಸ್ತ್ಯ ಅವನ ನೆತ್ತಿಯ ಮೇಲೆ.

ಇಷ್ಟು ಸರಿಯಾಗಿ ಹೇಳುವವನು ಸುಳ್ಳುಗಾರ ಆಗಿರಲಾರ ಅಂತ ಬೇರೆಯವರು ಅಂದುಕೊಂಡಾರು. ನನ್ನ ಕೆಲಸದಲ್ಲಿ ನಾನು ಕಲಿತದ್ದು ಬೇರೆ. ಎಲ್ಲ ಉತ್ತರವೂ ಸರಿ ಇದ್ದರೆ ಆ ಉತ್ತರಗಳನ್ನು ಯಾರೋ ಕೂತು ತಯಾರು ಮಾಡಿದ್ದಾರೆ ಅಂತ ಅರ್ಥ. ಅಲ್ಲದೆ ಇನ್ನೂ ಕೆಲವು ವಿಷಯಗಳಿದ್ದವು. ಈಗತಾನೇ ಹೊಲದಿಂದ ಒಳಗೆ ಬಂದೆ ಅನ್ನುತ್ತಿದ್ದ, ಆದರೆ ಮೈಮೇಲೆ ಯಾವತ್ತೂ ಜಾಕೆಟ್ ಇರುತ್ತಿರಲಿಲ್ಲ. ಚಿಕ್ಕಮ್ಮ ಹೊಸ ಹಸಿರು ಸ್ವೆಟರ್ ಹಾಕಿ ಕೂತ ದಿನ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿತ್ತಲಿಗೆ ಒಬ್ಬರೇ ಹೋಗ್ತೀರಾ, ಜೊತೆಗೆ ಯಾರಾದರೂ ಇರ್ತಾರಾ ಅಂತ ಒಮ್ಮೆ ಕೇಳಿದ. ಅದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. ಮತ್ತೆ ಆ ಓರೆ ನೋಟ. ಪಕ್ಕದಲ್ಲಿ ಕೂತವರು ಹೇಳಿಕೊಡುತ್ತಿದ್ದಾರೆ ಅಂತಲೇ ನನ್ನ ಲೆಕ್ಕ.

ಜನವರಿಯಲ್ಲಿ ಚಿಕ್ಕಮ್ಮ ಅನ್ನ ಬಡಿಸುತ್ತಾ, "ಜೂನಿನಲ್ಲಿ ನ್ಯೂಜಿಲೆಂಡಿಗೆ ಹೋಗಿ ಬರೋಣ ಅಂತಿದೀನಿ," ಅಂದರು. ಮೀನು ಸಾರಿನ ಬಟ್ಟಲು ದಾಟಿಸುವಷ್ಟೇ ಸಹಜವಾಗಿ.

ಅವನು ಸಿಕ್ಕಿಬಿದ್ದದ್ದು ಅದಾಗಿ ಕೆಲವು ದಿನಕ್ಕೆ. ಆಫೀಸಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕೊಲ್ಲಿಯ ಮೇಲೆ ಪೂರ್ಣ ಚಂದ್ರ ಬಂದಿತ್ತು. ಎಷ್ಟು ಬೆಳಕೆಂದರೆ ಬಸ್ಸಿನೊಳಗಿನ ಶಾಲಾ ಮಕ್ಕಳೂ ಫೋನ್ ಕೆಳಗಿಟ್ಟು ನೋಡಿದರು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಸಂತೋಷದಿಂದ ಫೋನ್ ತಂದು ತೋರಿಸಿದರು. "ನೋಡು, ಇವತ್ತಿನ ಆಕಾಶ." ಕಪ್ಪು ಬಾನು. ಹಾಲು ಚೆಲ್ಲಿದ ಹಾಗೆ ಆಕಾಶಗಂಗೆ. ಎರಡು ಮೋಡಗಳು ಹತ್ತಿ ಉಂಡೆಗಳ ಹಾಗೆ. ನಾನು ಚೆನ್ನಾಗಿದೆ ಅನ್ನಲು ಬಾಯಿ ತೆರೆದವಳು ಹಾಗೇ ನಿಂತೆ.

ನಕ್ಷತ್ರಗಳು ದೇಶಕ್ಕೊಂದು ಥರ ಕಾಣಬಹುದು. ಚಂದ್ರ ಎಲ್ಲರಿಗೂ ಒಬ್ಬನೇ. ಗಾಲ್ವೇಯಲ್ಲಿ ಹುಣ್ಣಿಮೆಯಾದರೆ ನ್ಯೂಜಿಲೆಂಡಿನಲ್ಲೂ ಹುಣ್ಣಿಮೆಯೇ. ಆ ಬೆಳದಿಂಗಳಿನಲ್ಲಿ ಆಕಾಶಗಂಗೆ ಹೀಗೆ ಕಾಣುವುದು ಎಲ್ಲಿಂದ? ಈ ಫೋಟೋ ನಿನ್ನೆ ಮೊನ್ನೆಯದಲ್ಲ.

ಚಿಕ್ಕಮ್ಮನಿಗೆ ಹೇಳಿದೆ. ಅವರು ಫೋನನ್ನು ನೋಡಿದರು, ಕಿಟಕಿಯ ಕಡೆ ನೋಡಿದರು. "ಹೌದಲ್ಲ," ಅಂದರು. ಮುಖದಲ್ಲಿ ನಾನು ಕಾದಿದ್ದ ಗಾಬರಿ ಇರಲಿಲ್ಲ. ಅವರಿಗೆ ಮೋಸ ಅರ್ಥವೇ ಆಗಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಅವರು ಎತ್ತುವ ಮೊದಲು ನಾನೇ ಎತ್ತಿದೆ.

"ನಾನು ಅಕ್ಕನ ಮಗಳು," ಅಂದೆ. "ಒಂದು ವಿಷಯ ಕೇಳಬೇಕಿತ್ತು. ನಿಮ್ಮಲ್ಲಿ ಇವತ್ತು ಚಂದ್ರ ಹೇಗಿದೆ?"

ಆತ ಮೂಲೆಯ ಕಡೆಯೇ ನೋಡುತ್ತಿದ್ದ. "ಚಂದ್ರನೇ? ಮೋಡ ಇತ್ತು."

"ಮೋಡ ಇದ್ದರೆ ಈ ಫೋಟೋ ಹೇಗೆ ತೆಗೆದಿರಿ?"

ಆತ ಗಡ್ಡವನ್ನು ಒಮ್ಮೆ ಕೈಯಿಂದ ಸವರಿಕೊಂಡ. "ನಿಮ್ಮ ಚಿಕ್ಕಮ್ಮನಿಗೆ ಕ್ಷಮೆ ಕೇಳಿದೆ ಅಂತ ಹೇಳಿ," ಅಂದ. ಪರದೆ ಕಪ್ಪಾಯಿತು.

ಚಿಕ್ಕಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ಬೈಯಲಿಲ್ಲ. ಚಹಾದ ಕಪ್ ತೊಳೆದಿಟ್ಟು, ಕೋಟು ಹಾಕಿಕೊಂಡು, ಕಡಲದಂಡೆಯ ಕಡೆ ನಡೆಯಲು ಹೋದರು. ಆಮೇಲೆ ಬೆಳಗಿನ ಫೋನ್ ನಿಂತಿತು. ಜನವರಿ ಮುಗಿಯಿತು, ಫೆಬ್ರವರಿ ಮಳೆಯಲ್ಲೇ ಹೋಯಿತು. ನಾನು ಗೆದ್ದಿದ್ದೆ. ಸಿಕ್ಕಿಬಿದ್ದ ಮೇಲೆ ಕಾಲ್ತೆಗೆಯುವುದು ಇಂಥವರ ಪದ್ಧತಿ ಅಂತ ಗಂಡನಿಗೆ ವಿವರಿಸಿದೆ. ಅವರು ಕೇಳಿಸಿಕೊಂಡು, "ಚಿಕ್ಕಮ್ಮ ಈಗ ದೋಸೆ ಮಾಡೋದೇ ಬಿಟ್ಟಿದಾರೆ, ಗಮನಿಸಿದೆಯಾ?" ಅಂದರು. ಗಮನಿಸಿದ್ದೆ. ಬೆಳಿಗ್ಗೆ ನಿಂತುಕೊಂಡೇ ಒಂದು ಟೋಸ್ಟ್ ತಿನ್ನುತ್ತಿದ್ದರು.

ಮಾರ್ಚಿನ ಒಂದು ಭಾನುವಾರ ಅವರೇ ಮಾತು ತೆಗೆದರು. ನಾನು ಬಟ್ಟೆ ಮಡಚುತ್ತಿದ್ದೆ.

"ಆ ಮನುಷ್ಯನಿಗೆ ಕಣ್ಣು ಕಾಣೋದಿಲ್ಲ," ಅಂದರು.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನು ಕಣ್ಣಿನ ವಿಭಾಗದಲ್ಲಿ ವರ್ಷಗಟ್ಟಲೆ ಇದ್ದವಳು. ನಡುವಿನ ದೃಷ್ಟಿ ಹೋದವರು ನೇರ ನೋಡಿದ್ರೆ ಅವರಿಗೆ ಅಲ್ಲೊಂದು ಕಪ್ಪು ಕಲೆ ಅಷ್ಟೇ. ಅಂಚಿನಿಂದ ಸ್ವಲ್ಪ ಕಾಣತ್ತೆ. ಅದಕ್ಕೇ ಮುಖ ಆಚೆ ತಿರುಗಿಸ್ತಾರೆ. ನಿನಗೆ ಅದು ಕಳ್ಳನೋಟ ಅನ್ನಿಸ್ತು. ನನಗೆ ಮೊದಲ ವಾರವೇ ಅನುಮಾನ ಬಂದಿತ್ತು."

"ಹಾಗಾದ್ರೆ ಫೋಟೋ?"

"ಹಳೇದಿರಬೇಕು. ನನಗೂ ಅದು ಖಚಿತ ಇರ್ಲಿಲ್ಲ. ನೀನು ಚಂದ್ರನ ವಿಷಯ ತೆಗೆದಾಗ ಖಚಿತ ಆಯ್ತು. ಹೊರಗೆ ಹುಣ್ಣಿಮೆ ಅಂತ ಅವರಿಗೆ ಗೊತ್ತೇ ಆಗಿಲ್ಲ."

ನಾನು ಮಡಚಿದ ಟವೆಲನ್ನು ಮತ್ತೆ ಬಿಡಿಸಿ ಮಡಚಿದೆ. "ನಟನೆಯೂ ಇರಬಹುದು ಚಿಕ್ಕಮ್ಮ. ನೀವು ಯಾವ ವಿಭಾಗದಲ್ಲಿ ಇದ್ದಿರಿ ಅಂತ ಅವರಿಗೆ ಮೊದಲೇ ಹೇಳಿದ್ರಾ?"

"ಹೇಳಿದ್ದೆ."

"ನೋಡಿ ಮತ್ತೆ."

ಚಿಕ್ಕಮ್ಮ ನನ್ನನ್ನೇ ನೋಡಿದರು. "ಇರಬಹುದು," ಅಂದರು ಕೊನೆಗೆ. "ನಾನೂ ಅದನ್ನೇ ಯೋಚಿಸಿದೆ. ಅದಕ್ಕೇ ಇಷ್ಟು ದಿನ ನಾನಾಗಿ ಫೋನ್ ಮಾಡಿಲ್ಲ. ನಿನ್ನ ಹಾಗೆ ಬಾಯಿಬಿಟ್ಟು ಹೇಳಲ್ಲ ಅಷ್ಟೇ."

ಆ ಮಾತು ನನಗೆ ಹೊಸದು. ಅವರನ್ನು ಭೋಳೆ ಸ್ವಭಾವದವರು ಅಂದುಕೊಂಡು ಕಾವಲಿಗೆ ನಿಂತಿದ್ದೆ. ಅವರೂ ಒಳಗೊಳಗೇ ಅವನನ್ನು ಅಳೆಯುತ್ತಿದ್ದರು. ಹಾಗಿದ್ದೂ ದಿನಾ ಮಾತಾಡುತ್ತಿದ್ದರು.

ಆ ವಾರವೇ ಚಿಕ್ಕಮ್ಮ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇರಬೇಕು ಅಂದರು. ಆತ ಎತ್ತಿದ. ಚಿಕ್ಕಮ್ಮ ಸುತ್ತಿಬಳಸಲಿಲ್ಲ. "ಯಾವ ಕಣ್ಣು ಮೊದಲು ಹೋಯಿತು?" ಅಂತ ಕೇಳಿದರು, ವಾರ್ಡಿನಲ್ಲಿ ಕೇಳುವ ದನಿಯಲ್ಲಿ.

"ಎಡಗಣ್ಣು."

ಆಮೇಲೆ ಎಲ್ಲ ಹೇಳಿದ. ಕುರಿಗಳು ಮರಿ ಹಾಕುವ ಕಾಲದಲ್ಲಿ ರಾತ್ರಿಯೆಲ್ಲ ಹೊಲದಿಂದ ಹೊಲಕ್ಕೆ ಓಡಾಡುತ್ತಾ ನಕ್ಷತ್ರಗಳ ಹುಚ್ಚು ಹಿಡಿದಿತ್ತಂತೆ. ಫೋಟೋ ಎಲ್ಲ ಅವನು ತೆಗೆದವೇ, ದೃಷ್ಟಿ ಇದ್ದಾಗ. ಕಂಪ್ಯೂಟರಿನಲ್ಲಿ ತಿಂಗಳಿಗೊಂದು ಕಟ್ಟು ಮಾಡಿಟ್ಟಿದ್ದಾನೆ. ಯಾವ ತಿಂಗಳು ಯಾವ ಹೊತ್ತಿಗೆ ಯಾವುದು ಎಲ್ಲಿರುತ್ತದೆ ಅಂತ ಬಾಯಿಪಾಠ. ಆ ಗುಂಪಿನಲ್ಲಿ ಎಲ್ಲರೂ ಅವನನ್ನೇ ಕೇಳುತ್ತಿದ್ದರು. ಕಣ್ಣು ಹೋಯಿತು ಅಂತ ಹೇಳಿದರೆ ಇನ್ನು ಯಾರೂ ಕೇಳುವುದಿಲ್ಲ ಅನ್ನಿಸಿತಂತೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, "ಇವತ್ತಿನದು" ಅಂತ ಬಾಯಿಗೆ ಬಂತು, ಆಮೇಲೆ ಹಿಂದೆಗೆಯಲು ಆಗಲಿಲ್ಲ.

"ಹಿತ್ತಲಿಗೆ ಒಬ್ಬರೇ ಹೋಗ್ತೀರಾ ಅಂತ ಕೇಳಿದಿರಿ," ಅಂದೆ ನಾನು.

"ಕತ್ತಲಲ್ಲಿ ಮೆಟ್ಟಿಲು ಕಾಣದೆ ನಾನು ಬಿದ್ದಿದ್ದೆ," ಅಂದ. "ಅವರಿಗೆ ಹಾಗೆ ಆಗದಿರಲಿ ಅಂತ."

ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಒಬ್ಬನ ಮಾತು ಒಪ್ಪವಾಗಿ ಕೂಡಿಕೊಂಡಷ್ಟೂ ನನಗೆ ಅದನ್ನು ಬಿಚ್ಚಿ ನೋಡುವ ಆಸೆ. ಏಪ್ರಿಲಿನಲ್ಲಿ ಬೆಳಗಿನ ಫೋನ್ ಮತ್ತೆ ಶುರುವಾಯಿತು. ಈಗ ಫೋಟೋ ಬರುತ್ತಿರಲಿಲ್ಲ, ಬರೀ ಮಾತು. ತ್ರಿಶಂಕು ಆಗ್ನೇಯದಲ್ಲಿ ಏರುತ್ತಿದೆ, ವೃಶ್ಚಿಕ ಪೂರ್ವದಲ್ಲಿ ತಲೆ ಎತ್ತುವ ಹೊತ್ತು, ಅಂತ ಅವನು ನೆನಪಿನಿಂದ ಹೇಳುತ್ತಿದ್ದ. ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಜೂನಿನ ಟಿಕೆಟ್ಟಿನ ಮಾತೂ ಮತ್ತೆ ಬಂತು.

"ನಾನೂ ಬರ್ತೀನಿ," ಅಂದೆ.

"ನಕ್ಷತ್ರ ನೋಡಕ್ಕಾ?"

"ಇಲ್ಲ."

"ಗೊತ್ತಿತ್ತು," ಅಂದರು.

ಅವರದು ಐರಿಷ್ ಪಾಸ್‌ಪೋರ್ಟ್, ತೊಂದರೆ ಇಲ್ಲ. ನನ್ನದು ಇನ್ನೂ ಭಾರತದ್ದು, ವೀಸಾಕ್ಕೆ ಕಾಯಬೇಕಾಯಿತು. ಜೂನಿನ ಕೊನೆಯಲ್ಲಿ, ಅಮಾವಾಸ್ಯೆಗೆ ಹೊಂದಿಸಿಕೊಂಡು ಹೊರಟೆವು. ಗಾಲ್ವೇಯಲ್ಲಿ ಆಗ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. ಅಲ್ಲಿಳಿದರೆ ನಡುಚಳಿಗಾಲ.

ವಿಮಾನ ನಿಲ್ದಾಣಕ್ಕೆ ಅವನು ಬಂದಿರಲಿಲ್ಲ. ಗಟ್ಟಿಮುಟ್ಟಾದ ಹೆಂಗಸೊಬ್ಬಳು ಚಿಕ್ಕಮ್ಮನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದಳು. ಪಕ್ಕದ ಹೊಲದವಳು, ಅವರಿಗೆ ಕಾರು ಓಡಿಸಲಾಗುವುದಿಲ್ಲವಲ್ಲ ಅಂದಳು. ನಾಯಿ ವಾಸನೆಯ ವಾಹನ. ಊರು ಮುಗಿದು, ದೀಪಗಳು ಮುಗಿದು, ರಸ್ತೆಯ ಎರಡೂ ಬದಿ ಬೋಳು ಗುಡ್ಡ ಬಂದಾಗ ನಾನು ಫೋನಿನಲ್ಲಿ ಗಂಡನಿಗೆ ನಾವಿರುವ ಜಾಗ ಕಳಿಸುತ್ತಲೇ ಇದ್ದೆ. ಒಂದು ಹಂತದಲ್ಲಿ ಸಿಗ್ನಲ್ ಹೋಯಿತು. ಚಿಕ್ಕಮ್ಮ ನನ್ನ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಮನೆ ಇತ್ತು. ಅವನೂ ಇದ್ದ. ಫೋನಿನಲ್ಲಿ ಕಂಡದ್ದಕ್ಕಿಂತ ಕುಳ್ಳ. ಬಾಗಿಲಿನಲ್ಲಿ ನಿಂತು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಚಿಕ್ಕಮ್ಮನ ಕಡೆ ಕೈಚಾಚಿದ. ಕೈ ಸ್ವಲ್ಪ ತಪ್ಪಿ ಅವರ ಬ್ಯಾಗಿಗೆ ತಾಗಿತು. ಚಿಕ್ಕಮ್ಮ ಬ್ಯಾಗನ್ನು ಕೆಳಗಿಟ್ಟು ಆ ಕೈ ಹಿಡಿದರು.

ಅವತ್ತು ಊಟಕ್ಕೆ ಮುಂಚೆಯೇ ಕತ್ತಲಾಗಿತ್ತು. ಕೋಟು, ಟೋಪಿ, ಮೇಲೊಂದು ಕಂಬಳಿ ಹೊದ್ದು ಹಿಂದಿನ ಹೊಲಕ್ಕೆ ಹೋದೆವು. ಅವನು ಬೇಲಿಯ ತಂತಿಯ ಮೇಲೆ ಕೈಯಾಡಿಸುತ್ತಾ ಮುಂದೆ ನಡೆದ, ನಾವು ಹಿಂದೆ. ಒಂದು ಕಂಬದ ಹತ್ತಿರ ನಿಂತು, "ಇಲ್ಲಿ. ಈಗ ನೋಡಿ," ಅಂದ.

ನಾನು ಮೇಲೆ ನೋಡಿದೆ. ಆ್ಯಪ್ಪಿನಲ್ಲಿ ಇದನ್ನೆಲ್ಲ ಎಷ್ಟೋ ಸಲ ನೋಡಿದ್ದವಳು ನಾನು. ಆದರೆ ಆ್ಯಪ್ಪಿನಲ್ಲಿ ಕತ್ತಲಿಗೆ ಆಳ ಇರಲಿಲ್ಲ. ಆಕಾಶಗಂಗೆ ಗುಡ್ಡದಿಂದ ಗುಡ್ಡಕ್ಕೆ ಹಾದುಹೋಗಿತ್ತು, ನಡುನಡುವೆ ಕರಿಯ ಬಿರುಕುಗಳು. ಪೂರ್ವದಲ್ಲಿ ವೃಶ್ಚಿಕ, ಅದರ ಎದೆಯಲ್ಲಿ ಕೆಂಪು ಜ್ಯೇಷ್ಠಾ. ಪಶ್ಚಿಮದಲ್ಲಿ ಲುಬ್ಧಕ ಮುಳುಗಲು ಹೊರಟಿತ್ತು. ನೈಋತ್ಯದಲ್ಲಿ ಅಗಸ್ತ್ಯ, ಅದರ ಆಚೆಗೆ ಆ ಎರಡು ಮೋಡಗಳು, ಉಸಿರಿನ ಹಬೆಯಷ್ಟು ತೆಳು. ತ್ರಿಶಂಕು ಹತ್ತಿರ ಹತ್ತಿರ ನೆತ್ತಿಯ ಮೇಲೆ ಇತ್ತು. ಕೃತ್ತಿಕೆ ಬೆಳಗಾಗುವ ಮೊದಲು ಈಶಾನ್ಯದಲ್ಲಿ ಹುಟ್ಟುತ್ತದೆ, ಇಲ್ಲಿಯ ಮಾವೊರಿ ಜನಕ್ಕೆ ಅದು ಹೊಸ ವರ್ಷದ ಗುರುತು, ಅಂತ ಅವನು ಹೇಳುತ್ತಿದ್ದ.

ಚಿಕ್ಕಮ್ಮ ತಲೆ ಹಿಂದಕ್ಕೆ ಬಾಗಿಸಿ ನಿಂತೇ ಇದ್ದರು.

ನನಗೆ ಇನ್ನೊಂದು ಕೆಲಸ ಬಾಕಿ ಇತ್ತು. "ತ್ರಿಶಂಕು ಅಡ್ಡಡ್ಡ ಮಲಗಿದೆಯಲ್ಲ, ಎಡಕ್ಕೆ ವಾಲಿ," ಅಂದೆ, ಆದಷ್ಟು ಸಹಜವಾಗಿ. ನೋಡುತ್ತಿರುವವನಾದರೆ ಒಪ್ಪುವುದಿಲ್ಲ. ನೋಡದವನಾದರೆ ಒಪ್ಪಿಯಾನು ಅಂತ ಲೆಕ್ಕ.

"ಜೂನ್ ಕೊನೆಯಲ್ಲಿ, ಈ ಹೊತ್ತಿಗೆ, ಅದು ನೆಟ್ಟಗೆ ನಿಂತಿರಬೇಕು," ಅಂದ ಅವನು. "ಅಡ್ಡ ಮಲಗಿದ್ದರೆ ಭೂಮಿಗೆ ಏನೋ ಆಗಿದೆ. ಇಲ್ಲವೇ ನೀವು ನನ್ನನ್ನು ಪರೀಕ್ಷೆ ಮಾಡ್ತಿದೀರಿ."

ಕತ್ತಲಲ್ಲಿ ಚಿಕ್ಕಮ್ಮ ನಕ್ಕದ್ದು ಕೇಳಿಸಿತು. ನನ್ನ ಪರೀಕ್ಷೆ ಕೆಟ್ಟ ಪರೀಕ್ಷೆ, ಅದರಿಂದ ಏನೂ ಸಾಬೀತಾಗಲಿಲ್ಲ. ಸಾಬೀತಾದದ್ದು ಹಿಂತಿರುಗುವಾಗ. ಪಕ್ಕದ ಹೊಲದವಳು ಕಸದ ಗಾಡಿಯನ್ನು ದಾರಿಗೆ ಅಡ್ಡ ಬಿಟ್ಟುಹೋಗಿದ್ದಳು. ಟಾರ್ಚು ನನ್ನ ಕೈಯಲ್ಲಿತ್ತು, ಬೆಳಕು ನೇರ ಅದರ ಮೇಲೆಯೇ ಬಿದ್ದಿತ್ತು. ಆದರೂ ಅವನು ನಡೆದುಹೋಗಿ ಮೊಣಕಾಲು ಬಡಿಸಿಕೊಂಡ. ನಟಿಸುವವನು ಅಷ್ಟು ಜೋರಾಗಿ ಬಡಿಸಿಕೊಳ್ಳುವುದಿಲ್ಲ. ಚಿಕ್ಕಮ್ಮ ಅಡುಗೆಮನೆಯಲ್ಲಿ ಅವನ ಪ್ಯಾಂಟಿನ ಕಾಲು ಮಡಚಿ, ಗಾಯ ತೊಳೆದು ಪಟ್ಟಿ ಹಾಕಿದರು. ನಾನು ಚಹಾ ಮಾಡಿದೆ.

ಹತ್ತು ದಿನದ ರಜೆ ಮುಗಿಯುವ ಹಿಂದಿನ ದಿನ ಚಿಕ್ಕಮ್ಮ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು. "ನೀನು ಹೋಗು. ನಾನು ಇರೋಕೆ ಬಿಡೋ ಮೂರು ತಿಂಗಳೂ ಇಲ್ಲೇ ಇರ್ತೀನಿ," ಅಂದರು.

"ಯಾಕೆ?"

"ವಸಂತದ ಆಕಾಶ ನೋಡ್ಬೇಕು."

"ಚಿಕ್ಕಮ್ಮ, ನಿಜ ಹೇಳಿ."

"ನಿಜಾನೇ. ಅದೂ ನಿಜ." ಏಳುತ್ತಾ, "ಅಕ್ಕನಿಗೆ ಈಗಲೇ ಏನೂ ಹೇಳ್ಬೇಡ," ಅಂದರು.

ಅಮ್ಮನಿಗೆ ಹೇಳಲಿಲ್ಲ. ಏನಂತ ಹೇಳುವುದು ಅಂತ ನನಗೂ ಗೊತ್ತಿರಲಿಲ್ಲ. ಪ್ರತಿ ದಿನ ಫೋನ್ ಮಾಡಬೇಕು ಅಂತ ಮಾತು ತೆಗೆದುಕೊಂಡು ಹೊರಟೆ. ವಾಪಸು ಬಂದ ಮೇಲೂ ಎರಡು ವಾರ ನಿದ್ದೆ ಸರಿ ಬರಲಿಲ್ಲ. ಅವರು ಫೋನ್ ಮಾಡಿದಾಗಲೆಲ್ಲ ದನಿಯಲ್ಲಿ ಏನಾದರೂ ವ್ಯತ್ಯಾಸ ಇದೆಯೇ, ಯಾರಾದರೂ ಹೇಳಿಕೊಟ್ಟು ಮಾತಾಡಿಸುತ್ತಿದ್ದಾರೆಯೇ ಅಂತ ಕಿವಿಗೊಟ್ಟು ಕೇಳುತ್ತಿದ್ದೆ. ಅವರು ಕುರಿಮರಿಗಳ ವಿಷಯ ಹೇಳುತ್ತಿದ್ದರು. ಅಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ, ಒಲೆಯ ಪಕ್ಕ ಇಟ್ಟರೂ ಬರುವುದಿಲ್ಲ ಅನ್ನುತ್ತಿದ್ದರು.

ಸೆಪ್ಟೆಂಬರಿನಲ್ಲಿ ಬಂದರು, ಮೂಗು ಕೆಂಪಾಗಿ ಸುಲಿದಿತ್ತು. ತೆಳ್ಳಗಾಗಿದ್ದರು, ಖುಷಿಯಾಗಿದ್ದರು. ಏನೂ ವಿವರಿಸಲಿಲ್ಲ. ನಾನು ಕೇಳಿದ್ದಕ್ಕೆ ಚಹಾ ಕೊಟ್ಟರು.

ಈಗ ಅವನು ಬರುತ್ತಿದ್ದಾನೆ. ಈ ಮೇ ತಿಂಗಳಿನಲ್ಲಿ, ಮೂರು ತಿಂಗಳಿಗೆ. ಈ ಆಕಾಶದಲ್ಲಿ ಧ್ರುವ ನಕ್ಷತ್ರ ಎಲ್ಲಿದೆ ಅಂತ ಚಿಕ್ಕಮ್ಮ ಅವನಿಗೆ ಹೇಳಬೇಕಂತೆ, ಅದು ಅವನ ಊರಿನಲ್ಲಿ ಏಳುವುದಿಲ್ಲ. ಕಾಣದವನಿಗೆ ಅದು ಎಲ್ಲಿದ್ದರೇನು ಅಂತ ನಾನು ಕೇಳಿದೆ. "ಎಲ್ಲಿದೆ ಅಂತ ಗೊತ್ತಿದ್ರೆ ಸಾಕಂತೆ," ಅಂದರು. ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಬಂದಿದೆ ಅಂತ ಹೇಳಲಾರೆ. ಒಮ್ಮೆ ಸುಳ್ಳು ಹೇಳಿದವನು, ಎಷ್ಟೇ ಒಳ್ಳೆಯ ಕಾರಣಕ್ಕಾದರೂ, ಸುಳ್ಳು ಹೇಳಬಲ್ಲವನೇ. ಚಿಕ್ಕಮ್ಮನಿಗೂ ಇದು ಗೊತ್ತು. ನಮ್ಮಿಬ್ಬರಲ್ಲಿ ಈ ವಿಷಯಕ್ಕೆ ಈಗ ಜಗಳ ಇಲ್ಲ.

ಹೋದ ಶನಿವಾರ ಚಿಕ್ಕಮ್ಮನ ಮನೆಯ ಕೆಳಗಿನ ಕೋಣೆಯಿಂದ ನನ್ನ ಗಂಡ ಹಳೇ ಮೇಜನ್ನು ಎತ್ತಿ ಹೊರಗಿಟ್ಟರು, ನಡೆದಾಡುವಾಗ ಎಡವದಿರಲಿ ಅಂತ. ನಾನು ಬಚ್ಚಲಿನ ಗೋಡೆಗೆ ಹಾಕುವ ಕೈಹಿಡಿ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಎರಡು ಮೂರು ಬಗೆಯವನ್ನು ಮುಂದಿಟ್ಟು, ಯಾರಿಗೆ ಇದು, ವಯಸ್ಸಾದವರಿಗಾ ಅಂತ ವಿಚಾರಿಸಿದ.

"ನಮ್ಮ ಚಿಕ್ಕಮ್ಮನ," ಅಂದು ಒಂದು ಕ್ಷಣ ನಿಂತೆ. ಮುಂದಿನ ಪದವನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ. "ಸ್ನೇಹಿತರಿಗೆ," ಅಂದೆ. ಅವನು ತಲೆಯಾಡಿಸಿ, ಬಿಳಿಯದು ಬೇಡ, ಸರಿಯಾಗಿ ಕಾಣದವರಿಗಾದರೆ ಗೋಡೆಯಿಂದ ಬೇರೆ ಬಣ್ಣದ್ದು ಒಳ್ಳೆಯದು ಅಂತ ನೀಲಿಯದನ್ನು ಕಾಗದದಲ್ಲಿ ಸುತ್ತಿಕೊಟ್ಟ. ಕಣ್ಣಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಬಹುಶಃ ಚಿಕ್ಕಮ್ಮ ಮೊದಲೇ ಬಂದು ವಿಚಾರಿಸಿ ಹೋಗಿರಬೇಕು.